ಚಿತ್ರಸಂಸ್ಕರಣೆಯ ಕೆಲವು ಸೂತ್ರಗಳೂ ಪ್ರಯೋಗಗಳೂ

ಚಿತ್ರವಿನ್ಯಾಸವನ್ನು ವೃತ್ತಿಯಾಗಿ ಕೈಕೊಳ್ಳುವ ತರುಣರು ಇಂದು ಬಳಸುವ ತಂತ್ರಾಂಶಗಳಲ್ಲಿ ಮೆನುಗಳೂ ಸಾಧನಗಳೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇರುವುದರಿಂದ, ಅವುಗಳನ್ನೆಲ್ಲ ಕಂಠಪಾಠ ಮಾಡಿಕೊಂಡವನೇ ನಿಪುಣನೆಂಬ ಭಾವನೆ ಕಲಿಕೆಯ ಆರಂಭದಲ್ಲಿ ಹುಟ್ಟುವುದು ಸಹಜವೇ ಸರಿ. ಆದರೆ ಪುಸ್ತಕಗಳ ಮುಖಪುಟಗಳನ್ನೋ ಪತ್ರಿಕೆಗಳ ವಿಶೇಷಾಂಕಗಳನ್ನೋ ಹಲವು ವರ್ಷಗಳಿಂದ ರೂಪಿಸುತ್ತ ಬಂದ ವಿನ್ಯಾಸಕರ ಕೆಲಸವನ್ನು ಹತ್ತಿರದಿಂದ ನೋಡಿದರೆ, ಅವರ ಕೈ ನಿತ್ಯವೂ ಹಿಡಿಯುವ ಸಾಧನಗಳು ಕೆಲವೇ ಎಂಬುದೂ, ಆ ಕೆಲವನ್ನಾದರೋ ಅವರು ಒಳಗಣ ಲೆಕ್ಕಾಚಾರದವರೆಗೂ ಇಳಿದು ಅರಿತಿರುವರೆಂಬುದೂ ಮನದಟ್ಟಾಗುತ್ತದೆ. ಈ ಅರಿವು ಓದಿದ ಮಾತ್ರದಿಂದ ಬರತಕ್ಕದ್ದಲ್ಲ. ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುತ್ತ, ಅದರ ಪರಿಣಾಮವನ್ನು ಕಣ್ಣಿನಿಂದಲೂ ಅಂಕಿಗಳಿಂದಲೂ ಪರೀಕ್ಷಿಸುತ್ತ ಹೋದವನಿಗೆ ಅದು ಲಭಿಸುತ್ತದೆ. ಅಂಥ ಕೆಲವು ಪ್ರಯೋಗಗಳನ್ನೂ ಅವುಗಳಿಂದ ನಿಷ್ಪನ್ನವಾಗುವ ಕಾರ್ಯಸೂತ್ರಗಳನ್ನೂ ಇಲ್ಲಿ ಕ್ರಮವಾಗಿ ನಿರೂಪಿಸಿದೆ.

ಈ ಕ್ಷೇತ್ರದಲ್ಲಿ ಅತ್ಯಂತ ಪ್ರಚುರವಾಗಿರುವ ಫೋಟೋಶಾಪ್, ಅಮೆರಿಕದ ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಸೋದರರ ಕೈಯಲ್ಲಿ 1987ರಲ್ಲಿ ರೂಪುಗೊಳ್ಳಲಾರಂಭಿಸಿ, 1990ರ ಫೆಬ್ರವರಿಯಲ್ಲಿ ಅಡೋಬಿ ಸಂಸ್ಥೆಯ ಮೂಲಕ ಮಾರುಕಟ್ಟೆಗೆ ಬಂದಿತು. ಅವರ ತಂದೆ ಮನೆಯಲ್ಲಿಯೇ ಛಾಯಾಚಿತ್ರಗಳನ್ನು ತೊಳೆಯುವ ಕತ್ತಲೆಕೋಣೆಯೊಂದನ್ನು ಇಟ್ಟುಕೊಂಡಿದ್ದರು. ಆ ಹಳೆಯ ವಿದ್ಯೆಯ ಮುದ್ರೆ ತಂತ್ರಾಂಶದ ಮೇಲೆ ಇಂದಿಗೂ ಉಳಿದಿದೆ: ಚಿತ್ರದ ಒಂದು ಭಾಗವನ್ನು ತಿಳಿಗೊಳಿಸುವ ಡಾಡ್ಜ್ ಸಾಧನದ ಚಿಹ್ನೆಯು ಕಡ್ಡಿಯ ತುದಿಗೆ ಸಿಕ್ಕಿಸಿದ ಬಿಲ್ಲೆ, ಗಾಢಗೊಳಿಸುವ ಬರ್ನ್ ಸಾಧನದ ಚಿಹ್ನೆಯು ಬೆಳಕಿಗೆ ಅಡ್ಡಹಿಡಿದ ಕೈ, ಇವೆರಡೂ ಸ್ಟುಡಿಯೋಗಳ ಕತ್ತಲೆಕೋಣೆಯಲ್ಲಿ ಪ್ರಿಂಟು ಹಾಕುವವರು ವಾಸ್ತವವಾಗಿ ಮಾಡುತ್ತಿದ್ದ ಕ್ರಿಯೆಗಳೇ. ಫೋಟೋಶಾಪಿಗೆ ಹಣ ತೆರಲಾಗದವರಿಗೆ ಗಿಂಪ್ ಇದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಬರೆಯಲು ತೊಡಗಿದ ಈ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಮುಂದೆ ಹೇಳುವ ಪ್ರಯೋಗಗಳಲ್ಲಿ ಬಹುಪಾಲನ್ನು ಇವೆರಡರಲ್ಲಿ ಯಾವುದರಲ್ಲಿಯಾದರೂ ಮಾಡಿ ನೋಡಬಹುದಾಗಿದೆ.

ಮೂಲವನ್ನು ಮುಟ್ಟದಿರುವುದು

ಎಲ್ಲ ಸೂತ್ರಗಳಿಗೂ ಮೊದಲನೆಯದು, ಮೂಲಚಿತ್ರದ ಒಂದು ಪಿಕ್ಸೆಲನ್ನೂ ನೇರವಾಗಿ ಬದಲಿಸಕೂಡದು ಎಂಬುದು. ಕ್ಯಾಮರಾದಿಂದಲೋ ಸ್ಕ್ಯಾನರಿನಿಂದಲೋ ಬಂದ ಫೈಲನ್ನು ಬೇರೊಂದು ಫೋಲ್ಡರಿನಲ್ಲಿ ಭದ್ರಪಡಿಸಿ, ಅದರ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡತಕ್ಕದ್ದು. ಆ ಪ್ರತಿಯಲ್ಲಿಯೂ ಕೆಳಗಿನ ಲೇಯರನ್ನು ಹಾಗೆಯೇ ಉಳಿಸಿ, ತಿದ್ದುಪಡಿಗಳನ್ನೆಲ್ಲ ಅದರ ಮೇಲಣ ಲೇಯರುಗಳಲ್ಲಿಯೇ ನಡೆಸತಕ್ಕದ್ದು. ಫೋಟೋಶಾಪಿಗೆ ಲೇಯರುಗಳು 1994ರ ಮೂರನೆಯ ಆವೃತ್ತಿಯಲ್ಲಿ ಬಂದುವು. ಬಣ್ಣ ಮತ್ತು ಬೆಳಕನ್ನು ಬದಲಿಸುವ ಕ್ರಿಯೆಗಳನ್ನೇ ಪ್ರತ್ಯೇಕ ಪದರಗಳಾಗಿಸುವ ಅಡ್ಜಸ್ಟ್‌ಮೆಂಟ್ ಲೇಯರುಗಳು ಅದರ ಮುಂದಿನ ಆವೃತ್ತಿಯಲ್ಲಿ ಸೇರಿದುವು. ಗಿಂಪಿನಲ್ಲಿಯೂ 2025ರಲ್ಲಿ ಹೊರಬಂದ 3.0 ಆವೃತ್ತಿಯಿಂದ ಫಿಲ್ಟರುಗಳನ್ನು ಲೇಯರಿಗೆ ಅಂಟಿಸಿ, ಬೇಕಾದಾಗ ತೆರೆದು ತಿದ್ದಲು ಅವಕಾಶವಾಗಿದೆ. ಗಿರಾಕಿಯು ಮಾರನೆಯ ದಿನ ಬಂದು, ಹಿನ್ನೆಲೆ ಹಾಗೆಯೇ ಇರಲಿ, ಮುಖ ಮಾತ್ರ ಸ್ವಲ್ಪ ತಿಳಿಯಾಗಲಿ ಎಂದು ಕೇಳಿದಾಗ, ಈ ಕ್ರಮದಲ್ಲಿ ನಡೆದವನಿಗೆ ಅದು ನಿಮಿಷದ ಕೆಲಸ, ನಡೆಯದವನಿಗೆ ಮೊದಲಿನಿಂದ ಮಾಡಬೇಕಾದ ಕೆಲಸ.

ಲೇಯರಿನ ಜತೆಗಾರ ಮಾಸ್ಕ್. ಬೇಡವಾದ ಭಾಗವನ್ನು ಎರೇಸರಿನಿಂದ ಅಳಿಸಿದರೆ ಅದು ಹೋದಂತೆಯೇ. ಮಾಸ್ಕಿನಲ್ಲಿ ಕಪ್ಪು ಬಳಿದರೆ ಅದು ಮರೆಯಾಗುತ್ತದೆ, ಬಿಳಿ ಬಳಿದರೆ ಮರಳಿ ಬರುತ್ತದೆ, ಬೂದುಬಣ್ಣ ಬಳಿದರೆ ಅರೆಪಾರದರ್ಶಕವಾಗುತ್ತದೆ. ಫೋಟೋಶಾಪಿನಲ್ಲಿ ಡಿ ಕೀಲಿಯನ್ನೊತ್ತಿ ಬಣ್ಣಗಳನ್ನು ಕಪ್ಪುಬಿಳುಪಿಗೆ ತಂದು, ಎಕ್ಸ್ ಕೀಲಿಯಿಂದ ಅವೆರಡನ್ನು ಅದಲುಬದಲು ಮಾಡುತ್ತ, ಮೃದು ಅಂಚಿನ ಬ್ರಷ್ಷಿನಲ್ಲಿ ಮಾಸ್ಕನ್ನು ತಿದ್ದುವ ಅಭ್ಯಾಸ ಕೈಗೆ ಕೂಡಿಬಂದರೆ, ಎರೇಸರನ್ನು ಮತ್ತೆ ಹಿಡಿಯಬೇಕೆಂದು ಯಾರಿಗೂ ತೋರದು. ಆಲ್ಟ್ ಕೀಲಿಯನ್ನು ಒತ್ತಿಹಿಡಿದು ಮಾಸ್ಕಿನ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಮಾಸ್ಕ್ ಮಾತ್ರವೇ ಪರದೆಯ ತುಂಬ ಕಾಣುತ್ತದೆ. ಕತ್ತರಿಸಿದ ಚಿತ್ರದ ಸುತ್ತ ಉಳಿದುಹೋದ ಚುಕ್ಕೆಗಳನ್ನು ಕಂಡುಹಿಡಿಯಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಛಾಯೆಗಳ ಲೆಕ್ಕ: ಮೊದಲನೆಯ ಪ್ರಯೋಗ

8 ಬಿಟ್ಟಿನ ಚಿತ್ರದಲ್ಲಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ 256 ಮೆಟ್ಟಿಲುಗಳು ಮಾತ್ರ ಇರುತ್ತವೆಂಬುದನ್ನು ಎಲ್ಲರೂ ಓದಿರುತ್ತಾರೆ. ಆದರೆ ಆ ಮೆಟ್ಟಿಲುಗಳು ತಿದ್ದುಪಡಿಯಲ್ಲಿ ಹೇಗೆ ನಷ್ಟವಾಗುತ್ತವೆಂಬುದನ್ನು ಕಣ್ಣಾರೆ ಕಂಡವರು ವಿರಳ. ಹೊಸದೊಂದು 8 ಬಿಟ್ ಫೈಲನ್ನು ತೆರೆದು, ಡಿದರ್ ಎಂಬ ಗುರುತನ್ನು ತೆಗೆದುಹಾಕಿ, ಎಡದಿಂದ ಬಲಕ್ಕೆ ಕಪ್ಪಿನಿಂದ ಬಿಳಿಯವರೆಗೆ ಗ್ರೇಡಿಯೆಂಟ್ ಎಳೆಯಿರಿ. ಬಳಿಕ ಲೆವೆಲ್ಸ್ ತೆರೆದು ಔಟ್‌ಪುಟ್ ಅಂಕಿಗಳನ್ನು 100 ಮತ್ತು 150 ಎಂದಿರಿಸಿ ಒಪ್ಪಿಗೆ ಕೊಡಿ. ಚಿತ್ರವೆಲ್ಲ ಬೂದುಬಣ್ಣದ ಮಂದ ಪಟ್ಟಿಯಾಗುತ್ತದೆ. ಮತ್ತೊಮ್ಮೆ ಲೆವೆಲ್ಸ್ ತೆರೆದು, ಈ ಸಲ ಇನ್‌ಪುಟ್ ಅಂಕಿಗಳನ್ನು 100 ಮತ್ತು 150 ಎಂದಿರಿಸಿ ಅದನ್ನು ಹಿಂದಿನ ಸ್ಥಿತಿಗೆ ಹಿಗ್ಗಿಸಿರಿ. ಕಪ್ಪೂ ಬಿಳಿಯೂ ಮರಳಿ ಬರುತ್ತವೆ. ಆದರೆ ನಡುವಣ ನಯವಾದ ಇಳಿಜಾರು ಹೋಗಿ, ಅದರ ಸ್ಥಾನದಲ್ಲಿ ಪಟ್ಟೆಪಟ್ಟೆಯಾದ 51 ಛಾಯೆಗಳು ಮಾತ್ರ ಉಳಿದಿರುತ್ತವೆ, ಹಿಸ್ಟೋಗ್ರಾಮ್ ನೋಡಿದರೆ ಬಾಚಣಿಗೆಯ ಹಲ್ಲುಗಳಂತೆ ನಡುನಡುವೆ ತೆರಪು ಬಿದ್ದಿರುತ್ತದೆ.

ಇದೇ ಪ್ರಯೋಗವನ್ನು 16 ಬಿಟ್ಟಿನ ಫೈಲಿನಲ್ಲಿ ಮಾಡಿದರೆ ಕಣ್ಣಿಗೆ ಕಾಣುವ ಪಟ್ಟೆಗಳು ಮೂಡುವುದಿಲ್ಲ. ಸಂಜೆಯ ಆಕಾಶ, ಒಂದೇ ಬಣ್ಣದ ಗೋಡೆ, ಮುಖದ ಚರ್ಮ ಮೊದಲಾದ ನಿಧಾನವಾಗಿ ಬದಲಾಗುವ ಛಾಯೆಗಳುಳ್ಳ ಚಿತ್ರಗಳನ್ನು 16 ಬಿಟ್ಟಿನಲ್ಲಿ ತಿದ್ದಿ, ಕೊನೆಯಲ್ಲಿ ಮಾತ್ರ 8 ಬಿಟ್ಟಿಗೆ ಇಳಿಸಬೇಕೆಂಬ ನಿಯಮಕ್ಕೆ ಇದೇ ಕಾರಣ. ಗಿಂಪಿನಲ್ಲಿ ಈ ಅನುಕೂಲ 2018ರ 2.10 ಆವೃತ್ತಿಯಿಂದ ದೊರೆತಿದೆ. ಮೂಲದಲ್ಲಿಯೇ 8 ಬಿಟ್ ಇದ್ದ ಚಿತ್ರವನ್ನು 16ಕ್ಕೆ ಏರಿಸಿದರೆ ಇಲ್ಲದ ಛಾಯೆ ಹುಟ್ಟುವುದಿಲ್ಲವಾದರೂ, ಮುಂದಿನ ತಿದ್ದುಪಡಿಗಳಲ್ಲಿ ಆಗಬಹುದಾದ ನಷ್ಟ ಕಡಿಮೆಯಾಗುತ್ತದೆ.

ಪದರಗಳ ಬೆರಕೆ: ಎರಡನೆಯ ಪ್ರಯೋಗ

ಲೇಯರ್ ಪಲಕದ ಮೇಲ್ಭಾಗದಲ್ಲಿ ನಾರ್ಮಲ್ ಎಂದಿರುವ ಪಟ್ಟಿಯನ್ನು ತೆರೆದರೆ ಕಾಣುವ ಬ್ಲೆಂಡ್ ಮೋಡುಗಳನ್ನು ಒಂದಾದಮೇಲೊಂದು ಒತ್ತುತ್ತ, ಯಾವುದು ಚೆನ್ನಾಗಿ ಕಂಡರೆ ಅದನ್ನೇ ಉಳಿಸಿಕೊಳ್ಳುವುದು ಬಹುಜನರ ರೂಢಿ. ಅವುಗಳ ಹಿಂದಿರುವುದು ಶಾಲೆಯ ಗಣಿತವಷ್ಟೇ ಎಂದರಿತವನು ಈ ತಡಕಾಟದಿಂದ ಪಾರಾಗುತ್ತಾನೆ. ಮಲ್ಟಿಪ್ಲೈ ಮೋಡಿನಲ್ಲಿ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಗುಣಿಸಿ 255ರಿಂದ ಭಾಗಿಸಲಾಗುತ್ತದೆ. ಸ್ಕ್ರೀನ್ ಮೋಡಿನಲ್ಲಿ ಎರಡನ್ನೂ ತಿರುವುಮುರುವು ಮಾಡಿ ಗುಣಿಸಿ, ಫಲವನ್ನು ಮತ್ತೆ ತಿರುವಲಾಗುತ್ತದೆ. ಫೋಟೋಶಾಪಿನ 8 ಬಿಟ್ ಆರ್‌ಜಿಬಿ ಚಿತ್ರವೊಂದರಲ್ಲಿ 128ರ ಬೂದುಬಣ್ಣದ ಎರಡು ಲೇಯರುಗಳನ್ನು ಒಂದರ ಮೇಲೊಂದಿರಿಸಿ ಮಲ್ಟಿಪ್ಲೈ ಮಾಡಿದರೆ ಇನ್ಫೋ ಪಲಕದಲ್ಲಿ 64 ಎಂದೂ, ಸ್ಕ್ರೀನ್ ಮಾಡಿದರೆ 192 ಎಂದೂ ತೋರುತ್ತದೆ. ಬಿಳಿಯಿಂದ, ಎಂದರೆ 255ರಿಂದ, ಗುಣಿಸಿದರೆ ಕೆಳಗಿನ ಅಂಕಿ ಬದಲಾಗದು; ಆದ್ದರಿಂದಲೇ ಬಿಳಿಕಾಗದದ ಮೇಲೆ ಶಾಯಿಯಲ್ಲಿ ಬರೆದ ರೇಖಾಚಿತ್ರವನ್ನೋ ಸಹಿಯನ್ನೋ ಸ್ಕ್ಯಾನ್ ಮಾಡಿ ಮಲ್ಟಿಪ್ಲೈಗೆ ಇಟ್ಟಾಗ, ಕತ್ತರಿಸುವ ಶ್ರಮವಿಲ್ಲದೆಯೇ ಕಾಗದ ಮಾಯವಾಗಿ ಗೆರೆಗಳು ಮಾತ್ರ ಉಳಿಯುತ್ತವೆ. ಕಪ್ಪು ಹಿನ್ನೆಲೆಯಲ್ಲಿ ತೆಗೆದ ದೀಪಾವಳಿಯ ಬಾಣಬಿರುಸಿಗೂ ಆರತಿಯ ಜ್ವಾಲೆಗೂ ಸ್ಕ್ರೀನ್ ಅನುಕೂಲವಾಗುವುದು ಇದೇ ನ್ಯಾಯದಿಂದ.

ಓವರ್‌ಲೇ ಮೋಡಿನಲ್ಲಿ 50 ಶೇಕಡಾ ಬೂದುಬಣ್ಣ ನಿಷ್ಕ್ರಿಯವಾಗಿರುತ್ತದೆ. ಇದನ್ನು ಬಳಸಿಕೊಂಡು, ಹೊಸ ಲೇಯರೊಂದನ್ನು ಆ ಬೂದುಬಣ್ಣದಿಂದ ತುಂಬಿ ಓವರ್‌ಲೇ ಮೋಡಿನಲ್ಲಿರಿಸಿ, ಅದರ ಮೇಲೆ 10 ಶೇಕಡಾದಷ್ಟು ಕಡಿಮೆ ಒಪಾಸಿಟಿಯ ಮೃದುವಾದ ಬ್ರಷ್ಷಿನಿಂದ ಬಿಳಿ ಬಳಿದೆಡೆ ಬೆಳಕನ್ನೂ, ಕಪ್ಪು ಬಳಿದೆಡೆ ನೆರಳನ್ನೂ ಮೂಡಿಸಬಹುದು. ಕತ್ತಲೆಕೋಣೆಯ ಡಾಡ್ಜ್ ಬರ್ನ್ ವಿದ್ಯೆಯೇ ಇದು. ಮೂಲ ಚಿತ್ರಕ್ಕೆ ಧಕ್ಕೆಯಿಲ್ಲದೆ, ತಪ್ಪಿದಲ್ಲಿ ಮತ್ತೆ ಬೂದು ಬಳಿದು ಸರಿಪಡಿಸಿಕೊಳ್ಳಬಹುದೆಂಬುದು ಇದರ ವಿಶೇಷ.

ಹಳೆಯ ಭಾವಚಿತ್ರದ ಜೀರ್ಣೋದ್ಧಾರ

ಸ್ಮರಣ ಸಂಚಿಕೆಗಳನ್ನೂ ಅಭಿನಂದನ ಗ್ರಂಥಗಳನ್ನೂ ಸಿದ್ಧಪಡಿಸುವವರ ಮುಂದೆ ಹಳದಿಯಾಗಿ, ಬಿರುಕುಬಿಟ್ಟು, ಮೂಲೆ ಹರಿದ ಭಾವಚಿತ್ರಗಳು ಬಂದೇ ಬರುತ್ತವೆ. ಇವುಗಳನ್ನು ಮೊಬೈಲಿನಿಂದ ಫೋಟೋ ಹಿಡಿಯದೆ ಸ್ಕ್ಯಾನ್ ಮಾಡಿಸಬೇಕು; ಎಷ್ಟು ರೆಸಲ್ಯೂಶನ್ನಿನಲ್ಲಿ ಎಂಬುದನ್ನು ಅಂದಾಜಿಗೆ ಬಿಡದೆ ಲೆಕ್ಕಹಾಕಬೇಕು. ಎರಡು ಇಂಚು ಅಗಲದ ಚಿತ್ರವನ್ನು ಆರು ಇಂಚು ಅಗಲಕ್ಕೆ 300 ಪಿಪಿಐಯಲ್ಲಿ ಮುದ್ರಿಸಬೇಕಾದರೆ 1800 ಪಿಕ್ಸೆಲುಗಳು ಬೇಕು, ಆದಕಾರಣ ಸ್ಕ್ಯಾನ್ 900 ಪಿಪಿಐಯಲ್ಲಿ ಆಗಬೇಕು. ಚಿತ್ರ ಕಪ್ಪುಬಿಳುಪಿನದಾದರೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿಸತಕ್ಕದ್ದು.

ಇದರ ಕಾರಣವನ್ನು ಚಾನೆಲ್ ಪಲಕ ಕೂಡಲೇ ತೋರಿಸಿಕೊಡುತ್ತದೆ. ಹಳದಿ ಕಲೆಯು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ನೀಲಿ ಚಾನೆಲಿನಲ್ಲಿ ಅದು ಕಪ್ಪಾಗಿ ಎದ್ದುಕಾಣುತ್ತದೆ. ಕೆಂಪು ಚಾನೆಲಿನಲ್ಲಿಯಾದರೋ ಬಹುಮಟ್ಟಿಗೆ ಅದೃಶ್ಯವಾಗಿರುತ್ತದೆ. ಆದ್ದರಿಂದ ಹಳದಿಯಾದ ಚಿತ್ರದ ಕೆಂಪು ಚಾನೆಲನ್ನು ಮಾತ್ರ ಎತ್ತಿಕೊಂಡು ಅದನ್ನೇ ಕಪ್ಪುಬಿಳುಪಿನ ಮೂಲವನ್ನಾಗಿ ಮಾಡಿಕೊಂಡರೆ, ಗಂಟೆಗಟ್ಟಲೆಯ ಶ್ರಮ ಉಳಿಯುತ್ತದೆ. ಕಚೇರಿಯ ಕಡತದಿಂದ ಬಂದ ಚಿತ್ರದ ಮೂಲೆಯಲ್ಲಿ ನೀಲಿ ಶಾಯಿಯ ಮೊಹರು ಬಿದ್ದಿದ್ದರೆ ಇದಕ್ಕೆ ವಿಪರ್ಯಯವಾಗಿ ನೀಲಿ ಚಾನೆಲೇ ಶುದ್ಧವಾಗಿರುವುದನ್ನು ಕಾಣಬಹುದು.

ಆಮೇಲೆ ಗೀರುಗಳ ಸರದಿ. ಖಾಲಿ ಲೇಯರೊಂದನ್ನು ಮೇಲೆ ತೆರೆದು, ಕ್ಲೋನ್ ಸ್ಟಾಂಪಿನ ಸ್ಯಾಂಪಲ್ ಆಯ್ಕೆಯನ್ನು ಕೆಳಗಿನ ಲೇಯರುಗಳೂ ಸೇರುವಂತೆ ಬದಲಿಸಿಕೊಳ್ಳಬೇಕು. ಗಿಂಪಿನಲ್ಲಿ ಇದಕ್ಕೆ ಸ್ಯಾಂಪಲ್ ಮರ್ಜ್ಡ್ ಎಂಬ ಗುರುತಿದೆ. ಕೆನ್ನೆ, ಹಣೆ, ಹಿನ್ನೆಲೆಯ ಪರದೆ ಇಂಥ ಸಮತಲ ಛಾಯೆಗಳಲ್ಲಿ ಹೀಲಿಂಗ್ ಬ್ರಷ್ ಸೊಗಸಾಗಿ ಕೆಲಸ ಮಾಡುತ್ತದೆ; ಆದರೆ ಬಿರುಕು ಸೀರೆಯ ಅಂಚನ್ನೋ ಪೇಟದ ಕೊನೆಯನ್ನೋ ದಾಟುವೆಡೆ ಅದು ಅಕ್ಕಪಕ್ಕದ ಗಾಢ ಬಣ್ಣವನ್ನು ಎಳೆತಂದು ಮಸಿ ಬಳಿದಂತೆ ಮಾಡುತ್ತದೆ. ಅಲ್ಲಿ ಕ್ಲೋನ್ ಸ್ಟಾಂಪನ್ನೇ ಚಿಕ್ಕದಾಗಿಸಿಕೊಂಡು, ಅಂಚಿನ ದಿಕ್ಕಿನಲ್ಲಿಯೇ ಮಾದರಿ ತೆಗೆದು, ಅಂಚಿನುದ್ದಕ್ಕೂ ಸಾಗಬೇಕು. ಸೀರೆಯ ಅಂಚಿನ ರುದ್ರಾಕ್ಷಿಯೋ ಗೋಪುರವೋ ಬಿರುಕಿನ ಎರಡು ಕಡೆಯೂ ಒಂದೇ ಲಯದಲ್ಲಿ ಕೂಡಿಕೊಂಡಿತೇ ಎಂಬುದನ್ನು 100 ಶೇಕಡಾ ಗಾತ್ರದಲ್ಲಿ ನೋಡಿ ನಿಶ್ಚಯಿಸಬೇಕು. ಕಣ್ಣು, ತುಟಿ, ಮುಖದ ಸುಕ್ಕುಗಳ ವಿಷಯದಲ್ಲಿ ಮಾತ್ರ ಸಂಯಮ ಅವಶ್ಯ. ಕಾಲದ ಕೊಳೆಯನ್ನು ತೆಗೆಯುವುದು ನಮ್ಮ ಕರ್ತವ್ಯ. ಆ ವ್ಯಕ್ತಿಯ ವಯಸ್ಸನ್ನೂ ಸ್ವಭಾವವನ್ನೂ ತೆಗೆಯುವ ಅಧಿಕಾರ ನಮಗಿಲ್ಲ.

ಚಿತ್ರವನ್ನು ಹರಿತಗೊಳಿಸುವ ಅನ್‌ಶಾರ್ಪ್ ಮಾಸ್ಕ್ ಎಲ್ಲಕ್ಕಿಂತ ಕೊನೆಯದು, ಗಾತ್ರವನ್ನು ನಿಗದಿಪಡಿಸಿದ ಮೇಲೆ ಮಾಡತಕ್ಕದ್ದು. ಅಮೌಂಟ್, ರೇಡಿಯಸ್, ಥ್ರೆಶೋಲ್ಡ್ ಎಂಬ ಮೂರರಲ್ಲಿ ಎರಡನ್ನು ಸ್ಥಿರವಾಗಿಟ್ಟು ರೇಡಿಯಸನ್ನು ಮಾತ್ರ 0.5, 1, 3, 8 ಎಂದು ಏರಿಸುತ್ತ ಹೋದರೆ, ಅಂಚುಗಳ ಸುತ್ತ ಬಿಳಿಯ ಪ್ರಭಾವಲಯ ಯಾವ ಹಂತದಲ್ಲಿ ಏಳುತ್ತದೆಂಬುದು ಸ್ಪಷ್ಟವಾಗುತ್ತದೆ. ಅದಕ್ಕಿಂತ ಒಂದು ಹೆಜ್ಜೆ ಹಿಂದೆ ನಿಲ್ಲುವುದೇ ಕ್ಷೇಮ.

ಜೆಪೆಗ್ ಮತ್ತು ಬೆಂಗಳೂರಿನ ಗಣಿತ: ಮೂರನೆಯ ಪ್ರಯೋಗ

ಚಿತ್ರಗಳನ್ನು ಕಿರಿದುಗೊಳಿಸುವ ಜೆಪೆಗ್ ಕ್ರಮದ ಹೃದಯದಲ್ಲಿರುವ ಗಣಿತ, ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಇದನ್ನು ಕಲ್ಪಿಸಿದವರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಇಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದ ನಾಸಿರ್ ಅಹಮದ್ ಅವರು; ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಅವರು ಬರೆದ ಪ್ರಬಂಧ 1974ರಲ್ಲಿ ಪ್ರಕಟವಾಯಿತು. ನಮ್ಮ ಮೊಬೈಲುಗಳಲ್ಲಿರುವ ಚಿತ್ರಗಳಲ್ಲಿ ಬಹುಪಾಲು ಈ ಕನ್ನಡ ನಾಡಿನ ಮಗನ ಗಣಿತಕ್ಕೆ ಋಣಿಯಾಗಿವೆ ಎಂಬುದು ಹೆಮ್ಮೆಯಿಂದ ನೆನೆಯತಕ್ಕ ಸಂಗತಿ.

ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಅಗಲದ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಬಿಡುವುದು ಎಷ್ಟೆಂಬುದನ್ನು ಹೀಗೆ ನೋಡಬಹುದು: ಬಿಳಿಯ ಮೇಲೆ ಕೆಂಪು ಅಕ್ಷರಗಳಿರುವ ವಿನ್ಯಾಸವೊಂದನ್ನು ಕಡಿಮೆ ಗುಣಮಟ್ಟದ ಜೆಪೆಗ್ಗಾಗಿ ಸೇವ್ ಮಾಡಿ, ಅದನ್ನು ತೆರೆದು ಮೂಲದ ಮೇಲೆ ಲೇಯರಾಗಿ ಇರಿಸಿ, ಬ್ಲೆಂಡ್ ಮೋಡನ್ನು ಡಿಫರೆನ್ಸ್ ಎಂದು ಬದಲಿಸಿರಿ. ಎರಡೂ ಒಂದೇ ಆಗಿರುವಲ್ಲಿ ಕಪ್ಪು, ವ್ಯತ್ಯಾಸವಿರುವಲ್ಲಿ ಬೆಳಕು. ಮೇಲೊಂದು ಲೆವೆಲ್ಸ್ ಲೇಯರನ್ನಿಟ್ಟು ಆ ಬೆಳಕನ್ನು ಹೆಚ್ಚಿಸಿದರೆ, ಅಕ್ಷರಗಳ ಅಂಚಿನ ಸುತ್ತ ಚೌಕಚೌಕವಾಗಿ ಹರಡಿದ ಕೊಳೆ ಪ್ರತ್ಯಕ್ಷವಾಗುತ್ತದೆ. ಆದಕಾರಣ ಕೆಲಸದ ಫೈಲನ್ನು ಪಿಎಸ್‌ಡಿ ಅಥವಾ ಗಿಂಪಿನ ಎಕ್ಸ್‌ಸಿಎಫ್ ರೂಪದಲ್ಲಿಯೂ, ಅಕ್ಷರ ಮತ್ತು ಲಾಂಛನಗಳನ್ನು ಪಿಎನ್‌ಜಿ ರೂಪದಲ್ಲಿಯೂ ಇರಿಸಿಕೊಳ್ಳಬೇಕು. ಜೆಪೆಗ್ಗನ್ನು ಕಟ್ಟಕಡೆಯ ಪ್ರತಿಗೆ ಮಾತ್ರ, ಅದೂ ಪ್ರತಿಸಲ ಮೂಲ ಫೈಲಿನಿಂದಲೇ, ತೆಗೆಯಬೇಕು.

ಕನ್ನಡ ಅಕ್ಷರಗಳ ವಿಚಾರ

ಕನ್ನಡದ ಭಿತ್ತಿಪತ್ರಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆದರಿ ಬೀಳುವ ದುರವಸ್ಥೆಯನ್ನು ನಾವೆಲ್ಲ ಕಂಡಿದ್ದೇವೆ. ಯೂನಿಕೋಡ್ ಅಕ್ಷರಗಳನ್ನು ಕೂಡಿಸಿ ಸಂಯುಕ್ತಾಕ್ಷರ ಮಾಡುವ ಕಾರ್ಯ ತಂತ್ರಾಂಶದ್ದಾಗಿದ್ದು, ಫೋಟೋಶಾಪಿನಲ್ಲಿ ಆ ಯಂತ್ರವನ್ನು ಚಾಲನೆಗೊಳಿಸಬೇಕಾಗಬಹುದು. ಆವೃತ್ತಿಗೆ ತಕ್ಕಂತೆ ಟೈಪ್ ಪ್ರಿಫರೆನ್ಸಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನೋ, ಪ್ಯಾರಾಗ್ರಾಫ್ ಪಲಕದ ವರ್ಲ್ಡ್ ರೆಡಿ ಆಯ್ಕೆಯನ್ನೋ ಹುಡುಕಬೇಕು. ಹೊಸ ಕಂಪ್ಯೂಟರಿನಲ್ಲಿ ಕೆಲಸ ತೊಡಗುವ ಮುನ್ನ ರಾಷ್ಟ್ರ, ಸ್ತ್ರೀ, ಜ್ಞಾನ, ಅರ್ಕಾವತಿ ಎಂಬ ನಾಲ್ಕು ಪದಗಳನ್ನು ಟೈಪ್ ಮಾಡಿ ನೋಡಿದರೆ ಒತ್ತು, ದೀರ್ಘ, ಅರ್ಕಾವತ್ತುಗಳ ಪರೀಕ್ಷೆ ಒಮ್ಮೆಗೇ ಆಗುತ್ತದೆ. ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ, ಟಿರೋ ಕನ್ನಡ ಮೊದಲಾದ ಯೂನಿಕೋಡ್ ಫಾಂಟುಗಳು ಉಚಿತವಾಗಿಯೇ ದೊರೆಯುತ್ತವೆ. ಹಳೆಯ ಕ್ರಮದ ಯೂನಿಕೋಡೇತರ ಫಾಂಟುಗಳನ್ನು ಬಳಸಿದ ಫೈಲಾದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೆಹವೆಲ್ಲ ಅರ್ಥಹೀನ ರೋಮನ್ ಚಿಹ್ನೆಗಳಾಗಿ ತೋರುವುದೆಂಬುದನ್ನು ನೆನಪಿನಲ್ಲಿಡಬೇಕು.

ರೋಮನ್ ಲಿಪಿಗೆ ಸರಿಹೊಂದುವ ಸಾಲಂತರ ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲದಂತೆ ಲೀಡಿಂಗನ್ನು ಹೆಚ್ಚಿಸಬೇಕು. ಅಕ್ಷರಗಳ ನಡುವಣ ಅಂತರವನ್ನು, ಎಂದರೆ ಟ್ರ್ಯಾಕಿಂಗನ್ನು, ಒತ್ತುಗಳು ತಮ್ಮ ಅಕ್ಷರದಿಂದ ದೂರ ಸರಿಯುವಷ್ಟು ಎಳೆಯಬಾರದು. ಬರೆಹವನ್ನು ರಾಸ್ಟರೈಜ್ ಮಾಡದೆ ಕೊನೆಯವರೆಗೂ ಬರೆಹವಾಗಿಯೇ ಉಳಿಸಬೇಕು. ಪುಟಗಟ್ಟಲೆ ಬರೆಹವಿದ್ದರೆ ಅದನ್ನು ಇನ್‌ಡಿಸೈನ್ ಅಥವಾ ಸ್ಕ್ರೈಬಸ್ಸಿನಂಥ ಪುಟವಿನ್ಯಾಸದ ತಂತ್ರಾಂಶಕ್ಕೆ ಒಯ್ಯುವುದೇ ಯುಕ್ತ.

ಪ್ರೆಸ್ಸಿಗೆ ಕಳುಹಿಸುವ ಮುನ್ನ

ಪರದೆಯ ಬಣ್ಣ ಬೆಳಕಿನಿಂದಾದುದು, ಕಾಗದದ ಬಣ್ಣ ಶಾಯಿಯಿಂದಾದುದು. ಪರದೆಯಲ್ಲಿ ಮಿಂಚುವ ಎಳೆಹಸುರನ್ನೂ ಕಡುನೀಲಿಯನ್ನೂ ನಾಲ್ಕು ಶಾಯಿಗಳ ಬೆರಕೆ ಮುಟ್ಟಲಾರದು. ಫೋಟೋಶಾಪಿನಲ್ಲಿ ಕಂಟ್ರೋಲ್ ವೈ ಒತ್ತಿದರೆ ಮುದ್ರಣದ ಬಣ್ಣಗಳ ಮುನ್ನೋಟವೂ, ಶಿಫ್ಟ್ ಸೇರಿಸಿ ಒತ್ತಿದರೆ ಮುದ್ರಣಕ್ಕೆ ಸಿಕ್ಕದ ಬಣ್ಣಗಳ ಗುರುತೂ ದೊರೆಯುತ್ತವೆ. ರಾಜ್ಯೋತ್ಸವದ ಭಿತ್ತಿಪತ್ರ ಮಾಡುವವರಿಗೆ ಮಾತ್ರ ಇಲ್ಲಿ ಚಿಂತೆಯಿಲ್ಲ: ಶುದ್ಧ ಹಳದಿಗೆ 100 ಶೇಕಡಾ ಯೆಲ್ಲೊ, ಕೆಂಪಿಗೆ ಮಜೆಂಟಾ ಮತ್ತು ಯೆಲ್ಲೊ ತಲಾ 100 ಶೇಕಡಾ ಕೊಟ್ಟರೆ ಬಾವುಟದ ಬಣ್ಣಗಳು ನಿಚ್ಚಳವಾಗಿ ಬರುತ್ತವೆ. ಚಿಕ್ಕ ಕನ್ನಡ ಅಕ್ಷರಗಳ ಕಪ್ಪನ್ನು ಕಪ್ಪು ಶಾಯಿಯೊಂದರಿಂದಲೇ ಮಾಡತಕ್ಕದ್ದು. ನಾಲ್ಕು ಶಾಯಿಗಳ ಕಪ್ಪಾದರೆ ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳ ತೆಳುಗೆರೆಯ ಸುತ್ತ ಬಣ್ಣದ ನೆರಳು ಬೀಳುತ್ತದೆ.

ಅಳತೆಯ ವಿಷಯದಲ್ಲಿ ಕೆಲವು ಅಂಕಿಗಳು ನಾಲಗೆಯ ತುದಿಯಲ್ಲಿರಬೇಕು. 300 ಪಿಪಿಐಯಲ್ಲಿ ಎ4 ಹಾಳೆಗೆ 2480 ಅಗಲ, 3508 ಎತ್ತರದ ಪಿಕ್ಸೆಲುಗಳು. ಸುತ್ತ 3 ಮಿಲಿಮೀಟರ್ ಬ್ಲೀಡ್ ಸೇರಿಸಿದರೆ ಸುಮಾರು 2551 ಮತ್ತು 3579. ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರದ ಪುಸ್ತಕದ ಮುಖಪುಟಕ್ಕೆ ಬ್ಲೀಡ್ ಬಿಟ್ಟು 1650 ಮತ್ತು 2550. ದೂರದಿಂದ ನೋಡುವ ಫ್ಲೆಕ್ಸಿಗೆ ಇಷ್ಟು ಸಾಂದ್ರತೆ ಅನವಶ್ಯಕ. ಹತ್ತಡಿ ಉದ್ದ, ಆರಡಿ ಎತ್ತರದ ಬ್ಯಾನರಿಗೆ 72 ಪಿಪಿಐಯಂತೆ 8640 ಮತ್ತು 5184 ಪಿಕ್ಸೆಲುಗಳಾದರೆ ಧಾರಾಳ. ಸಣ್ಣ ಚಿತ್ರವನ್ನು ತಂತ್ರಾಂಶದಲ್ಲಿ ಹಿಗ್ಗಿಸಿ ಈ ಅಂಕಿಗಳನ್ನು ಕಾಗದದ ಮೇಲೆ ಪೂರೈಸಿದರೆ ಪ್ರಯೋಜನವಿಲ್ಲ, ಏಕೆಂದರೆ ಪಿಕ್ಸೆಲುಗಳು ಹೆಚ್ಚಿದುವೆಂದ ಮಾತ್ರಕ್ಕೆ ಕ್ಯಾಮರಾ ಕಾಣದಿದ್ದ ವಿವರ ಅಲ್ಲಿ ಬಂದು ಸೇರುವುದಿಲ್ಲ.

ಈಚೆಗೆ ಒಂದು ವಾಕ್ಯ ಬರೆದರೆ ಚಿತ್ರವನ್ನೇ ತಿದ್ದಿಕೊಡುವ ಕೃತಕ ಬುದ್ಧಿಯ ಸೌಲಭ್ಯಗಳು ಬಂದಿವೆ. ಅವುಗಳನ್ನು ದೂರವಿಡಬೇಕಾದ ಕಾರಣವಿಲ್ಲ. ಆದರೆ ಬಂದ ಫಲ ಸರಿಯೋ ತಪ್ಪೋ ಎಂದು ನಿರ್ಣಯಿಸುವ ಹೊಣೆ ವಿನ್ಯಾಸಕನ ಕಣ್ಣಿನದೇ, ಮತ್ತು ಆ ಕಣ್ಣು ಪಳಗುವುದು ಇಂಥ ಚಿಕ್ಕ ಪ್ರಯೋಗಗಳಿಂದಲೇ. ಆದ್ದರಿಂದ ಈ ವಿದ್ಯೆಯಲ್ಲಿ ಆಸಕ್ತರಾದ ವಾಚಕರಲ್ಲಿ ನನ್ನ ವಿನಂತಿಯಿಷ್ಟೆ: ಮೇಲಿನ ಪ್ರಯೋಗಗಳನ್ನು ಓದಿ ಬಿಡದೆ, ದಿನಕ್ಕೊಂದರಂತೆ ಸ್ವತಃ ಮಾಡಿ ನೋಡಿ, ಕಂಡ ಅಂಕಿಗಳನ್ನು ಒಂದು ನೋಟುಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿರಿ. ತಂತ್ರಾಂಶಗಳ ಆವೃತ್ತಿಗಳು ಬದಲಾಗುತ್ತಲೇ ಇರುತ್ತವೆ. ಕೈಯಾರೆ ಮಾಡಿ ಕಲಿತ ಲೆಕ್ಕ ಯಾವ ಆವೃತ್ತಿಯಲ್ಲಿಯೂ ಉಪಯೋಗಕ್ಕೆ ಬರುತ್ತದೆ.